ಹೊಸ ಕಾರಿನ ಒಳಗೆ ಬಹಳ ವರ್ಷ ಬಾಳುವ ಸೀಟು, ಸ್ಟೀರಿಂಗ್, ಪ್ಲಾಸ್ಟಿಕ್ ಆರಿಸುವುದು ಹೇಗೆ

ಶೋರೂಮಿಗೆ ಹೋದ ತಕ್ಷಣ ದೀಪದ ಕೆಳಗೆ ಮಿಂಚುತ್ತಾ ನಿಂತಿರುವ ಡಿಸ್‌ಪ್ಲೇ ಕಾರಿನ ಕಡೆ ಹೋಗಬೇಡಿ. ಟೆಸ್ಟ್ ಡ್ರೈವ್ ಕಾರು ಎಲ್ಲಿದೆ ಅಂತ ಕೇಳಿ. ಅದು ಹೊರಗೆ ಬಿಸಿಲಲ್ಲಿ ನಿಂತಿರುತ್ತದೆ. ದಿನಾ ಯಾರ್ಯಾರೋ ಹತ್ತಿ ಇಳಿದಿರುತ್ತಾರೆ, ತಮ್ಮದು ಅಂತ ಯಾರೂ ಜೋಪಾನ ಮಾಡಿರುವುದಿಲ್ಲ. ನೀವು ತಗೊಳ್ಳುವ ಕಾರು ಒಂದೆರಡು ವರ್ಷ ಬಳಸಿದ ಮೇಲೆ ಹೇಗಿರುತ್ತದೆ ಅನ್ನುವುದು ಅದರಲ್ಲಿ ಈಗಲೇ ಕಾಣುತ್ತದೆ.

ಡ್ರೈವರ್ ಬಾಗಿಲು ತೆಗೆಯಿರಿ. ಕೂರಬೇಡಿ, ಮೊದಲು ಬಗ್ಗಿ ನೋಡಿ. ಸೀಟಿನ ಬಾಗಿಲ ಕಡೆ ಉಬ್ಬಿದ ಅಂಚು ಇರುತ್ತದಲ್ಲ, ಬೋಲ್‌ಸ್ಟರ್ ಅಂತಾರೆ, ಇಡೀ ಸೀಟಿನಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವ ಜಾಗ ಅದೇ. ಹತ್ತುವಾಗ ತೊಡೆ ಅದರ ಮೇಲೆ ಉಜ್ಜಿಕೊಂಡು ಹೋಗುತ್ತದೆ, ಇಳಿಯುವಾಗ ಭಾರವೆಲ್ಲ ಅದರ ಮೇಲೆ ಬೀಳುತ್ತದೆ, ಜೀನ್ಸ್ ಜೇಬಿನ ಲೋಹದ ಗುಂಡಿ, ಸೊಂಟಕ್ಕೆ ಸಿಕ್ಕಿಸಿದ ಕೀ ಗೊಂಚಲು ಎಲ್ಲ ಅಲ್ಲೇ ಕೆರೆಯುತ್ತವೆ. ಅಲ್ಲಿ ಸುಕ್ಕು ಬಿದ್ದಿದೆಯಾ, ಬಣ್ಣ ಹೋಗಿ ಕೆಳಗಿನ ಪದರ ಕಾಣುತ್ತಿದೆಯಾ, ಹೊಲಿಗೆ ಬಿಟ್ಟುಕೊಂಡಿದೆಯಾ ನೋಡಿ. ಹೆಬ್ಬೆರಳಿನಿಂದ ಒತ್ತಿ ಬಿಡಿ. ಒಳಗಿನ ಫೋಮ್ ತಕ್ಷಣ ಎದ್ದು ಬರಬೇಕು. ಕುಸಿದು ಹಾಗೇ ಉಳಿದರೆ ಮೇಲಿನ ಹೊದಿಕೆ ಎಷ್ಟೇ ಚೆನ್ನಾಗಿದ್ದರೂ ಮಡಿಕೆ ಬೀಳುತ್ತದೆ, ಮಡಿಕೆ ಬಿದ್ದ ಕಡೆ ಬಿರುಕು ಬರುತ್ತದೆ. ಹೊಲಿಗೆ ಎಲ್ಲಿ ಹಾದುಹೋಗಿದೆ ಅನ್ನುವುದೂ ಮುಖ್ಯ. ಅಂಚಿನ ನೆತ್ತಿಯ ಮೇಲೇ ಹೊಲಿಗೆಯೋ, ಹೊಲಿಗೆಯುದ್ದಕ್ಕೂ ಉಬ್ಬಿದ ಪಟ್ಟಿಯಾದ ಪೈಪಿಂಗೋ ಇದ್ದರೆ ಮೊದಲು ಸವೆಯುವುದು ಅದೇ. ಹೊಲಿಗೆ ಸ್ವಲ್ಪ ಪಕ್ಕಕ್ಕೆ ಇಳಿದಿರುವ ಸೀಟು ಜಾಸ್ತಿ ದಿನ ಬರುತ್ತದೆ.

ಅದೇ ಮಾಡೆಲ್‌ನ ನಾಲ್ಕೈದು ವರ್ಷ ಹಳೆಯ ಕಾರು ನೋಡಲು ಸಿಕ್ಕರೆ ಇನ್ನೂ ಒಳ್ಳೆಯದು. ಸಿಗದಿದ್ದರೆ ಸೆಕೆಂಡ್ ಹ್ಯಾಂಡ್ ಮಾರಾಟದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿ. ಒಂದು ಕಾರಿನಲ್ಲಿ ಸ್ಟೀರಿಂಗ್ ಸಿಪ್ಪೆ ಎದ್ದಿದ್ದರೆ ಓನರ್ ಸರಿಯಾಗಿ ನೋಡಿಕೊಂಡಿಲ್ಲ ಅನ್ನಬಹುದು. ಬೇರೆ ಬೇರೆ ಊರಿನ, ಬೇರೆ ಬೇರೆ ಓನರ್‌ಗಳ ಕಾರುಗಳಲ್ಲಿ ಅದೇ ಜಾಗ ಅದೇ ರೀತಿ ಹಾಳಾಗಿದ್ದರೆ ಅದು ಸಾಮಾನಿನ ದೋಷ. ಇದಕ್ಕಿಂತ ನಂಬಬಹುದಾದ ಪರೀಕ್ಷೆ ಯಾವ ಬ್ರೋಷರ್‌ನಲ್ಲೂ ಸಿಗಲ್ಲ.

ಕೈ ತಾಗುವ ಜಾಗ ಬೇರೆ, ಬಿಸಿಲು ತಾಗುವ ಜಾಗ ಬೇರೆ

ಕಾರಿನ ಒಳಗಿನದ್ದು ಹಾಳಾಗುವುದು ಮುಖ್ಯವಾಗಿ ಎರಡು ಕಾರಣಕ್ಕೆ. ಒಂದು, ಮೈ ಕೈ ಉಜ್ಜುವುದು, ಜೊತೆಗೆ ಬೆವರು ಮತ್ತು ಚರ್ಮದ ಜಿಡ್ಡು. ಇನ್ನೊಂದು, ಬಿಸಿಲು. ಇವೆರಡೂ ಹೆಚ್ಚಾಗಿ ಒಂದೇ ಜಾಗವನ್ನು ಕಾಡುವುದಿಲ್ಲ, ಹಾಗಾಗಿ ಎಲ್ಲ ಕಡೆಗೂ ಒಂದೇ ಅಳತೆಗೋಲು ಹಿಡಿದು ನೋಡಿದರೆ ಉಪಯೋಗವಿಲ್ಲ.

ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿ ಮತ್ತು ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯವರು ನಿಲ್ಲಿಸಿದ ಕಾರುಗಳ ಒಳಗಿನ ಶಾಖ ಅಳೆದು 2018ರಲ್ಲಿ ಪ್ರಕಟಿಸಿದರು. ಹೊರಗೆ 38 ಡಿಗ್ರಿ ದಾಟಿದ ದಿನಗಳಲ್ಲಿ ಒಂದು ಗಂಟೆ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಮುಟ್ಟಿತ್ತು. ಸ್ಟೀರಿಂಗ್ 53, ಸೀಟು 51. ನೆರಳಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 48 ಡಿಗ್ರಿಯಲ್ಲೇ ಇತ್ತು. ಅಂದರೆ ಡ್ಯಾಶ್‌ಬೋರ್ಡ್ ಮೇಲ್ಭಾಗವನ್ನು ಯಾರೂ ಮುಟ್ಟುವುದಿಲ್ಲ, ಆದರೆ ಅತಿ ಹೆಚ್ಚು ಬೇಯುವುದು ಅದು. ಸೀಟು ಅಷ್ಟು ಬೇಯುವುದಿಲ್ಲ, ಆದರೆ ದಿನಾ ಉಜ್ಜಾಟ. ಸ್ಟೀರಿಂಗ್‌ಗೆ ಎರಡೂ ಕಾಟ.

ಗಾಜಿನ ವಿಷಯವೂ ಗೊತ್ತಿರಲಿ. ಮುಂದಿನ ಗಾಜು ಎರಡು ಪದರದ ಲ್ಯಾಮಿನೇಟೆಡ್ ಗಾಜು, ನಡುವಿನ ಪ್ಲಾಸ್ಟಿಕ್ ಹಾಳೆ ಅಲ್ಟ್ರಾವಯಲೆಟ್ ಕಿರಣವನ್ನು ಹೆಚ್ಚು ಕಡಿಮೆ ಪೂರ್ತಿ ತಡೆಯುತ್ತದೆ. ಪಕ್ಕದ ಕಿಟಕಿಗಳು ಸಾಮಾನ್ಯವಾಗಿ ಒಂದೇ ಪದರದ ಟೆಂಪರ್ಡ್ ಗಾಜು, ಅದರ ಮೂಲಕ ಈ ಕಿರಣ ಜಾಸ್ತಿ ಒಳಗೆ ಬರುತ್ತದೆ. ಬಾಗಿಲ ಮೇಲಂಚು, ಹಿಂದಿನ ಸೀಟಿನ ಕಿಟಕಿ ಪಕ್ಕದ ಭಾಗ ಬೇಗ ಬಣ್ಣ ಕಳೆದುಕೊಳ್ಳುವುದಕ್ಕೆ ಇದೂ ಒಂದು ಕಾರಣ. ಕಾರು ದಿನಾ ಬಯಲಲ್ಲಿ ನಿಲ್ಲುವುದಾದರೆ ಈ ಜಾಗಗಳಲ್ಲಿ ಗಾಢ ಬಣ್ಣದ ಬಟ್ಟೆ ಇರುವ ವೇರಿಯಂಟ್‌ಗಿಂತ ಪ್ಲಾಸ್ಟಿಕ್ ಇರುವುದೇ ವಾಸಿ.

ಸೀಟಿಗೆ ಯಾವುದು?

ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಯಾಕೆಂದರೆ ಆಮೇಲೆ ಬದಲಾಯಿಸಲು ಕಷ್ಟವಾಗುವುದು ಸೀಟೇ.

ನಿಜವಾದ ಲೆದರ್ ಅಂದ ಮಾತ್ರಕ್ಕೆ ಗಟ್ಟಿ ಅಂತಲ್ಲ. ಕಾರುಗಳಲ್ಲಿ ಬರುವ ಲೆದರ್ ಬಹುಪಾಲು ಮೇಲೆ ಬಣ್ಣದ ಪದರ ಹಚ್ಚಿದ್ದು, ಪಿಗ್ಮೆಂಟೆಡ್ ಅಂತಾರೆ. ದಿನಬಳಕೆಗೆ ಇದೇ ಸರಿ. ಕಲೆ ಒಳಗೆ ಇಳಿಯುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯ್ತು. ಬಣ್ಣದ ಪದರ ಇಲ್ಲದ ಅನಿಲೈನ್ ಲೆದರ್ ಅಥವಾ ತೆಳ್ಳಗೆ ಹಚ್ಚಿದ ಸೆಮಿ ಅನಿಲೈನ್ ಮುಟ್ಟಿದರೆ ಬೆಣ್ಣೆ, ಆದರೆ ಬೆವರು, ಕಾಫಿ, ಬಿಸಿಲು ಎಲ್ಲವನ್ನೂ ಹೀರಿಕೊಳ್ಳುತ್ತದೆ. ಮಕ್ಕಳಿರುವ ಮನೆಗೆ ನಾನು ಇದನ್ನು ಹೇಳುವುದಿಲ್ಲ. ಯಾವುದು ಯಾವುದು ಅಂತ ತಿಳಿಯಲು ಸ್ಯಾಂಪಲ್ ತುಂಡು ಕೇಳಿ, ಒಂದು ಹನಿ ನೀರು ಬಿಡಿ. ಹನಿ ಮೇಲೇ ನಿಂತರೆ ಪದರ ಇದೆ. ಹೀರಿಕೊಂಡು ಆ ಜಾಗ ಕಪ್ಪಾದರೆ ಪದರ ಇಲ್ಲ, ಇಲ್ಲವೇ ಬಹಳ ತೆಳು. ಈ ಪರೀಕ್ಷೆ ಸ್ಯಾಂಪಲ್ ಮೇಲೆ ಮಾತ್ರ, ಶೋರೂಮಿನ ಸೀಟಿನ ಮೇಲೆ ಬೇಡ.

ಲೆದರ್ ಸೀಟ್ ಅಂತ ಬರೆದಿದ್ದರೂ ಇಡೀ ಸೀಟು ಲೆದರ್ ಇರುವುದು ಅಪರೂಪ. ಬೆನ್ನು ಮತ್ತು ತೊಡೆ ತಾಗುವ ಮುಂಭಾಗ ಮಾತ್ರ ಲೆದರ್, ಪಕ್ಕ, ಹಿಂಭಾಗ, ಹೆಡ್‌ರೆಸ್ಟ್ ಹಿಂದೆಲ್ಲ ರೆಕ್ಸಿನ್ ಹಾಕುವುದು ಸಾಮಾನ್ಯ. ಅದು ಮೋಸ ಅಲ್ಲ, ಬ್ರೋಷರ್‌ನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಹೇಳಿರುತ್ತಾರೆ. ತೊಂದರೆ ಬರುವುದು ಎರಡೂ ಬೇರೆ ಬೇರೆ ರೀತಿ ಹಳತಾದಾಗ. ಐದು ವರ್ಷದ ನಂತರ ಮುಂಭಾಗ ಒಂದು ಬಣ್ಣ, ಪಕ್ಕ ಇನ್ನೊಂದು ಬಣ್ಣ ಕಾಣಬಹುದು. ಹಾಗಾಗಿ ಎಲ್ಲಿಂದ ಎಲ್ಲಿಯವರೆಗೆ ಲೆದರ್ ಅಂತ ಕೈ ಇಟ್ಟು ತೋರಿಸಲು ಹೇಳಿ. ಸೇಲ್ಸ್‌ನವರಿಗೆ ಗೊತ್ತಿಲ್ಲದಿದ್ದರೆ ಕಂಪನಿಗೆ ಬರೆದು ಕೇಳಲಿ.

ಈಗ ರೆಕ್ಸಿನ್. ಲೆದರೆಟ್, ವೀಗನ್ ಲೆದರ್, ಪ್ರೀಮಿಯಂ ಅಪ್‌ಹೋಲ್ಸ್‌ಟರಿ, ಹೆಸರು ಏನೇ ಇರಲಿ, ಒಳಗಿರುವುದು ಹೆಚ್ಚಾಗಿ ಪಿವಿಸಿ ಅಥವಾ ಪಿಯು, ಅಂದರೆ ಪಾಲಿಯುರಿಥೇನ್. ಈ ಎರಡರ ನಡುವಿನ ವ್ಯತ್ಯಾಸ ದೊಡ್ಡದು. ಪಿಯು ಮುಟ್ಟಲು ಮೃದು, ನೋಡಲು ಲೆದರ್‌ಗೆ ಹತ್ತಿರ. ಆದರೆ ಅಗ್ಗದ ಪಿಯು ಶಾಖ ಮತ್ತು ತೇವ ಎರಡೂ ಸೇರಿದರೆ ಒಳಗಿಂದಲೇ ಒಡೆಯುತ್ತದೆ. ಗಾಳಿಯ ತೇವ ಅದರ ರಾಸಾಯನಿಕ ಕೊಂಡಿಗಳನ್ನು ಬಿಡಿಸುತ್ತಾ ಹೋಗುತ್ತದೆ, ಹೈಡ್ರಾಲಿಸಿಸ್ ಅಂತಾರೆ ಇದಕ್ಕೆ. ಹಳೆಯ ಆಫೀಸ್ ಕುರ್ಚಿಯಲ್ಲಿ ಕೂತು ಎದ್ದಾಗ ಪ್ಯಾಂಟಿಗೆ ಕಪ್ಪು ಪುಡಿ ಅಂಟಿಕೊಂಡಿರುತ್ತದಲ್ಲ, ಅದು ಇದೇ. ಒಮ್ಮೆ ಸಿಪ್ಪೆ ಏಳಲು ಶುರುವಾದರೆ ಯಾವ ಕ್ರೀಮ್ ಹಚ್ಚಿದರೂ ನಿಲ್ಲುವುದಿಲ್ಲ. ಎಲ್ಲ ಪಿಯು ಹೀಗಲ್ಲ, ಪಾಲಿಕಾರ್ಬೊನೇಟ್ ಆಧಾರದ ಪಿಯು ತೇವಕ್ಕೆ ಚೆನ್ನಾಗಿ ತಡೆಯುತ್ತದೆ, ಬೆಲೆ ಮಾತ್ರ ಜಾಸ್ತಿ.

ಪಿವಿಸಿ ಅಷ್ಟು ಮೃದು ಅಲ್ಲ, ಗಾಳಿಯಾಡುವುದಿಲ್ಲ, ಸೆಕೆಯಲ್ಲಿ ಬೆನ್ನು ಒದ್ದೆಯಾಗುತ್ತದೆ. ಆದರೆ ಸವೆತಕ್ಕೆ ಗಟ್ಟಿ. ಮರ್ಸಿಡಿಸ್‌ನವರು ದಶಕಗಳಿಂದ ಬಳಸಿದ ಎಂಬಿ-ಟೆಕ್ಸ್ ಇದೇ ಜಾತಿಯದು, ಬಹಳ ಹಳೆಯ ಕಾರುಗಳಲ್ಲೂ ಅದು ಸುಸ್ಥಿತಿಯಲ್ಲಿ ಇರುವುದನ್ನು ಜನ ಈಗಲೂ ಹೇಳುತ್ತಾರೆ. ಬಾಳಿಕೆಯ ವಿಷಯದಲ್ಲಿ ಪಿವಿಸಿಯ ಮುಖ್ಯ ದೌರ್ಬಲ್ಯ ಒಂದೇ. ಅದನ್ನು ಬಗ್ಗುವಂತೆ ಮಾಡಲು ಬೆರೆಸಿದ ಪ್ಲಾಸ್ಟಿಸೈಜರ್ ಬಿಸಿಲಿಗೆ ನಿಧಾನವಾಗಿ ಹೊರಗೆ ಬರುತ್ತದೆ. ಹೊಸ ಕಾರಿನ ಮುಂದಿನ ಗಾಜಿನ ಒಳಗೆ ಒಂದು ಮಬ್ಬು ಪೊರೆ ಕೂರುತ್ತದಲ್ಲ, ಅದರಲ್ಲಿ ಇದರ ಪಾಲೂ ಇದೆ. ಪ್ಲಾಸ್ಟಿಸೈಜರ್ ಪೂರ್ತಿ ಆರಿದ ಮೇಲೆ ರೆಕ್ಸಿನ್ ಗಡುಸಾಗಿ ಮಡಿಕೆಯಲ್ಲಿ ಸೀಳುತ್ತದೆ. ಆದರೂ ಬೆವರು, ಮಕ್ಕಳು, ನಾಯಿ, ದಿನಾ ಓಡಾಟ ಇರುವ ಕಾರಿಗೆ ನನ್ನ ಮೊದಲ ಆಯ್ಕೆ ಒಳ್ಳೆಯ ದಪ್ಪ ಪಿವಿಸಿ ರೆಕ್ಸಿನ್, ಎರಡನೆಯದು ಬಿಗಿ ನೇಯ್ಗೆಯ ಬಟ್ಟೆ. ಲೆದರ್ ಮೂರನೆಯದು.

ಬಟ್ಟೆ ಸೀಟು ಅಂದರೆ ಜನ ಬೇಸ್ ವೇರಿಯಂಟ್ ಅಂತ ಮೂಗು ಮುರಿಯುತ್ತಾರೆ, ನನಗೆ ಅದು ಸರಿ ಅನಿಸುವುದಿಲ್ಲ. ಕಾರಿನ ಸೀಟಿಗೆ ಹಾಕುವ ಪಾಲಿಯೆಸ್ಟರ್ ಬಟ್ಟೆ ಬಿಸಿಲಿಗೂ ಉಜ್ಜಾಟಕ್ಕೂ ಚೆನ್ನಾಗಿ ತಡೆಯುತ್ತದೆ, ಸಿಪ್ಪೆ ಏಳುವ ಪ್ರಶ್ನೆಯೇ ಇಲ್ಲ. ನೇಯ್ಗೆ ಮಾತ್ರ ನೋಡಬೇಕು. ಚಪ್ಪಟೆ, ಬಿಗಿ ನೇಯ್ಗೆ ಒಳ್ಳೆಯದು. ಹೆಣಿಗೆ ತರಹದ, ಎಳೆ ಎದ್ದು ಕಾಣುವ ಬಟ್ಟೆಗೆ ಮಕ್ಕಳ ಶೂವಿನ ವೆಲ್ಕ್ರೋ ತಗುಲಿದರೆ ದಾರ ಎದ್ದು ಬರುತ್ತದೆ. ಉಗುರನ್ನು ಮೆಲ್ಲಗೆ ಎಳೆದು ನೋಡಿ, ಎಳೆ ಸಿಕ್ಕಿಕೊಂಡರೆ ಆ ಬಟ್ಟೆ ಬೇಡ. ಬಟ್ಟೆಯ ನಿಜವಾದ ಸಮಸ್ಯೆ ಚೆಲ್ಲಿದ ಹಾಲು. ಅದು ಫೋಮ್‌ಗೆ ಇಳಿದರೆ ವಾಸನೆ ಸುಲಭಕ್ಕೆ ಹೋಗಲ್ಲ.

ಅಲ್ಕಾಂತಾರ ಬಗ್ಗೆ ಒಂದು ಮಾತು. ಇದು ಲೆದರ್ ಅಲ್ಲ. 1970ರಲ್ಲಿ ಜಪಾನಿನ ತೋರೇ ಕಂಪನಿಯ ವಿಜ್ಞಾನಿ ಮಿಯೋಶಿ ಒಕಾಮೊಟೊ ಕಂಡುಹಿಡಿದ, ಪಾಲಿಯೆಸ್ಟರ್ ಮತ್ತು ಪಾಲಿಯುರಿಥೇನ್ ಸೇರಿಸಿ ಮಾಡಿದ, ಮೇಲೆ ನವಿರು ರೋಮ ಇರುವ ವಸ್ತು. ಸೀಟಿನ ನಡುವೆ, ಮೇಲ್ಛಾವಣಿಗೆ ಚೆನ್ನ. ಸ್ಟೀರಿಂಗ್‌ಗೆ ಹಾಕಿದರೆ ಕೈಯ ಜಿಡ್ಡು ಹೀರಿಕೊಂಡು ರೋಮ ಚಪ್ಪಟೆಯಾಗಿ ಹೊಳಪು ಬಂದುಬಿಡುತ್ತದೆ, ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸಿ ಮೃದು ಬ್ರಷ್‌ನಿಂದ ಎಬ್ಬಿಸುತ್ತಿರಬೇಕು. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಬೇಡ.

ಇನ್ನು ತೂತು ತೂತಿನ ವೆಂಟಿಲೇಟೆಡ್ ಸೀಟು. ಬೇಸಿಗೆಯಲ್ಲಿ ನಿಜಕ್ಕೂ ಸುಖ. ಆದರೆ ಆ ತೂತುಗಳಲ್ಲಿ ಬಿಸ್ಕತ್ ಪುಡಿ, ಧೂಳು, ಲೆದರ್ ಕ್ರೀಮ್ ಎಲ್ಲ ಸೇರಿಕೊಳ್ಳುತ್ತದೆ. ಕ್ರೀಮನ್ನು ನೇರವಾಗಿ ಸೀಟಿಗೆ ಸುರಿಯದೆ ಬಟ್ಟೆಗೆ ಸ್ವಲ್ಪ ಹಚ್ಚಿಕೊಂಡು ಒರೆಸಬೇಕು.

ಸ್ಟೀರಿಂಗ್, ಗೇರ್ ನಾಬ್, ಆರ್ಮ್‌ರೆಸ್ಟ್

ಸ್ಟೀರಿಂಗ್‌ಗೆ ಮಾತ್ರ ನಾನು ಸೀಟಿನ ಮಾತಿಗೆ ವಿರುದ್ಧ ಹೇಳುತ್ತೇನೆ: ಇಲ್ಲಿ ಒಳ್ಳೆಯ ಲೆದರ್ ಇದ್ದರೆ ಅದನ್ನೇ ತಗೊಳ್ಳಿ. ತೆಳು ಪಿಯು ಹೊದಿಸಿದ ಸ್ಟೀರಿಂಗ್ ಬೆವರು, ಸ್ಯಾನಿಟೈಸರ್, ಬಿಸಿಲು ಮೂರನ್ನೂ ತಡೆಯಲಾರದೆ ಸಿಪ್ಪೆ ಬಿಡುತ್ತದೆ. ಲೆದರ್ ಇಲ್ಲದಿದ್ದರೆ ಏನೂ ಹೊದಿಸದ, ಅಚ್ಚಿನಲ್ಲೇ ತೆಗೆದ ಸಾದಾ ಸ್ಟೀರಿಂಗ್ ಆ ಪಿಯುಗಿಂತ ಗಟ್ಟಿ. ನೋಡಲು ಸಾಧಾರಣ ಇರಬಹುದು, ಆದರೆ ಎದ್ದು ಬರಲು ಅದರಲ್ಲಿ ಪ್ರತ್ಯೇಕ ಸಿಪ್ಪೆಯೇ ಇಲ್ಲ. ಲೆದರ್ ಸ್ಟೀರಿಂಗ್ ಹೊಳೆಯಲು ಶುರುವಾದರೆ ಸವೆದಿದೆ ಅಂತ ಗಾಬರಿ ಬೇಡ. ಹೆಚ್ಚಿನ ಸಲ ಅದು ಜಿಡ್ಡು, ಸೌಮ್ಯ ಸೋಪು ಬೆರೆಸಿದ ನೀರಿನಲ್ಲಿ ಬಟ್ಟೆ ಹಿಂಡಿ ಒರೆಸಿದರೆ ಮೊದಲಿನ ಹಾಗೆ ಮ್ಯಾಟ್ ಆಗುತ್ತದೆ. ಸ್ಯಾನಿಟೈಸರ್ ಹಚ್ಚಿಕೊಂಡರೆ ಕೈ ಪೂರ್ತಿ ಒಣಗಿದ ಮೇಲೆ ಸ್ಟೀರಿಂಗ್ ಹಿಡಿಯಿರಿ, ಅದರ ಆಲ್ಕೋಹಾಲ್ ಮೇಲಿನ ಪದರವನ್ನು ತಿನ್ನುತ್ತದೆ.

ಬಾಗಿಲ ಆರ್ಮ್‌ರೆಸ್ಟ್ ಮೇಲೆ ಮೊಣಕೈ ಇಟ್ಟು ಸ್ವಲ್ಪ ಹೊತ್ತು ಕೂತು ನೋಡಿ. ಬಟ್ಟೆ ಮುಚ್ಚದ ಮೊಣಕೈ ಗಂಟೆಗಟ್ಟಲೆ ಅಲ್ಲೇ ಇರುತ್ತದೆ, ಹಾಗಾಗಿ ಬಟ್ಟೆಯದು ಬೇಗ ಕೊಳೆಯಾಗುತ್ತದೆ. ರೆಕ್ಸಿನ್ ಒಳ್ಳೆಯದು.

ಪ್ಲಾಸ್ಟಿಕ್ ವಿಷಯ

ಕಾರ್ ರಿವ್ಯೂಗಳಲ್ಲಿ ಗಟ್ಟಿ ಪ್ಲಾಸ್ಟಿಕ್ ಅಂತ ಬೈಯುವುದು ಕೇಳಿ ಕೇಳಿ ಎಲ್ಲರಿಗೂ ಅದು ಕೆಟ್ಟದ್ದು ಅನಿಸಿಬಿಟ್ಟಿದೆ. ಬಾಳಿಕೆ ಬೇಕಾದವರಿಗೆ ಅದು ಕೆಟ್ಟದ್ದಲ್ಲ. ಒಳಗಿಂದ ಹೊರಗಿನವರೆಗೆ ಒಂದೇ ಬಣ್ಣ ಇರುವ, ಮೇಲೆ ಒರಟು ಗ್ರೇನ್ ಇರುವ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ ಸುಲಭವಾಗಿ ಹಾಳಾಗುವುದಿಲ್ಲ. ಗೀಚಿದರೂ ಕೆಳಗೆ ಬೇರೆ ಬಣ್ಣ ಕಾಣುವುದಿಲ್ಲ.

ನಾನು ದೂರ ಇರುವುದು ಎರಡರಿಂದ. ಒಂದು, ರಬ್ಬರ್ ತರಹದ ಸಾಫ್ಟ್ ಟಚ್ ಪೇಂಟ್. ಬಾಗಿಲ ಹ್ಯಾಂಡಲ್, ಪವರ್ ವಿಂಡೋ ಸ್ವಿಚ್, ಎಸಿ ಗುಂಡಿಗಳ ಮೇಲೆ ಹಚ್ಚಿರುತ್ತಾರೆ. ಹೊಸದರಲ್ಲಿ ವೆಲ್ವೆಟ್ ಅನುಭವ. ಕೆಲವು ವರ್ಷದ ನಂತರ, ಮೇಲೆ ಹೇಳಿದ ಅದೇ ತೇವದ ಕಾಟದಿಂದ, ಜಿಗುಟಾಗಿ ಬೆರಳಿಗೆ ಅಂಟುತ್ತದೆ. ಉಗುರಿನಿಂದ ಕೆರೆದರೆ ಎದ್ದು ಬಂದು ಕೆಳಗಿನ ಬಿಳಿ ಪ್ಲಾಸ್ಟಿಕ್ಕೋ ಸ್ವಿಚ್ಚಿನ ದೀಪವೋ ಕಾಣುತ್ತದೆ. ಇದನ್ನು ಒಳಗೆ ಫೋಮ್ ಇರುವ ಮೆತ್ತನೆಯ ಪ್ಯಾಡ್ ಜೊತೆ ಬೆರೆಸಬೇಡಿ. ಬೆರಳಿನಿಂದ ಒತ್ತಿದಾಗ ತಗ್ಗಾದರೆ ಅದು ಪ್ಯಾಡ್, ಅದಕ್ಕೆ ತೊಂದರೆ ಇಲ್ಲ. ಒತ್ತಿದರೆ ಗಟ್ಟಿ, ಸವರಿದರೆ ಮಾತ್ರ ರಬ್ಬರ್ ಅನಿಸಿದರೆ ಅದು ಪೇಂಟ್.

ಎರಡನೆಯದು ಪಿಯಾನೋ ಬ್ಲ್ಯಾಕ್. ಗೇರ್ ಸುತ್ತ, ಸ್ಕ್ರೀನ್ ಸುತ್ತ ಕನ್ನಡಿ ಹಾಗೆ ಹೊಳೆಯುವ ಕಪ್ಪು. ಧೂಳು ಕೂತಾಗ ಒಣ ಬಟ್ಟೆಯಲ್ಲಿ ಒರೆಸುತ್ತೀರಿ, ಆ ಧೂಳೇ ಗೀರು ಹಾಕುತ್ತದೆ. ಶೋರೂಮಿನ ದೀಪದಲ್ಲಿ ಕಾಣದ ಗೀರು ಹೊರಗಿನ ಬಿಸಿಲಲ್ಲಿ ಬಲೆಯಾಗಿ ಕಾಣುತ್ತದೆ. ನಿಮಗೆ ಬೇಕಾದ ವೇರಿಯಂಟ್‌ನಲ್ಲಿ ಬೇರೆ ದಾರಿ ಇಲ್ಲದಿದ್ದರೆ ಡೆಲಿವರಿ ತಗೊಂಡ ವಾರದಲ್ಲೇ, ಗೀರು ಬೀಳುವ ಮೊದಲು, ಪಾರದರ್ಶಕ ಪ್ರೊಟೆಕ್ಷನ್ ಫಿಲ್ಮ್ ಅಂಟಿಸಿ.

ಮೇಲ್ಛಾವಣಿ, ನೆಲ, ಬಣ್ಣ

ಮೇಲ್ಛಾವಣಿಯ ಬಟ್ಟೆಯನ್ನು ತೆಳು ಫೋಮ್ ಮೇಲೆ ಅಂಟಿಸಿರುತ್ತಾರೆ. ವರ್ಷಗಟ್ಟಲೆ ಶಾಖಕ್ಕೆ ಫೋಮ್ ಪುಡಿಯಾದರೆ ಬಟ್ಟೆ ಜೋತು ಬೀಳುತ್ತದೆ. ಖರೀದಿಯ ಸಮಯದಲ್ಲಿ ಪರೀಕ್ಷೆ ಮಾಡಲು ಹೆಚ್ಚೇನೂ ಇಲ್ಲ, ಹಳೆಯ ಕಾರಿನ ಫೋಟೋ ನೋಡುವಾಗ ಇದನ್ನೂ ಗಮನಿಸಿ ಅಷ್ಟೇ. ಕಾರ್ಪೆಟ್ ಡ್ರೈವರ್ ಹಿಮ್ಮಡಿ ಊರುವ ಜಾಗದಲ್ಲೇ ಮೊದಲು ತೂತಾಗುತ್ತದೆ. ಅಲ್ಲಿ ಬೇರೆ ಹೀಲ್ ಪ್ಯಾಡ್ ಹೊಲಿದಿದ್ದಾರಾ ನೋಡಿ. ಅಂಚು ಎದ್ದಿರುವ ರಬ್ಬರ್ ಅಥವಾ ಟಿಪಿಇ (ರಬ್ಬರಿನಂತೆ ಬಗ್ಗುವ ಪ್ಲಾಸ್ಟಿಕ್) ಮ್ಯಾಟ್ ಹಾಕಿ, ಕೊಕ್ಕೆಗೆ ಸರಿಯಾಗಿ ಸಿಕ್ಕಿಸಿ. ಒಂದರ ಮೇಲೊಂದು ಮ್ಯಾಟ್ ಹಾಕಬೇಡಿ, ಪೆಡಲ್ ಕೆಳಗೆ ಜಾರಿದರೆ ಅಪಾಯ.

ಬಣ್ಣಕ್ಕೆ ಬಂದರೆ, ತಿಳಿ ಬೀಜ್ ಸೀಟಿಗೆ ಹೊಸ ಜೀನ್ಸಿನ ನೀಲಿ ಹತ್ತುತ್ತದೆ. ಬೇಗ ಒರೆಸದಿದ್ದರೆ ಮೇಲಿನ ಪದರದೊಳಗೆ ಇಳಿದು ಹಾಗೇ ಉಳಿಯುತ್ತದೆ. ಪೂರ್ತಿ ಕಪ್ಪಿಗೆ ಶಾಖ ಜಾಸ್ತಿ, ಧೂಳೂ ಎದ್ದು ಕಾಣುತ್ತದೆ. ನಡುವಿನ ಬೂದು, ಕಂದು ಬಣ್ಣಗಳು ಕಲೆ, ಧೂಳು ಎರಡನ್ನೂ ಮುಚ್ಚಿಕೊಳ್ಳುತ್ತವೆ. ಡ್ಯಾಶ್‌ಬೋರ್ಡ್ ಮೇಲ್ಭಾಗ ಮಾತ್ರ ಗಾಢ ಬಣ್ಣ, ಮ್ಯಾಟ್ ಇರಲಿ. ತಿಳಿ ಬಣ್ಣ ಇದ್ದರೆ ಗಾಜಿನಲ್ಲಿ ಪ್ರತಿಬಿಂಬ ಬಿದ್ದು ರಸ್ತೆ ನೋಡಲು ತೊಂದರೆ.

ಹೊರಗೆ ಸೀಟ್ ಹೊಲಿಸುವುದಾದರೆ

ಬೇಸ್ ವೇರಿಯಂಟ್ ತಗೊಂಡು ಹೊರಗೆ ಸೀಟ್ ಕವರ್ ಹಾಕಿಸುವ ಯೋಚನೆ ಇದ್ದರೆ ಮೊದಲು ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಅಂತ ಪುಟ್ಟ ಪಟ್ಟಿ ಇದೆಯಾ ನೋಡಿ. ಇದ್ದರೆ ಆ ಏರ್‌ಬ್ಯಾಗ್ ಸೀಟಿನ ಹೊಲಿಗೆಯನ್ನು ಹರಿದುಕೊಂಡೇ ಹೊರಗೆ ಬರಬೇಕು, ಅದಕ್ಕೆಂದೇ ಕಂಪನಿಯವರು ಆ ಭಾಗದಲ್ಲಿ ಬಿಟ್ಟುಕೊಳ್ಳುವ ಹೊಲಿಗೆ ಹಾಕಿರುತ್ತಾರೆ. ಅದರ ಮೇಲೆ ದಪ್ಪ ಕವರ್ ಬಿಗಿದರೆ ಅದು ತಡವಾಗಿ ಅಥವಾ ತಪ್ಪು ದಿಕ್ಕಿಗೆ ತೆರೆದುಕೊಳ್ಳಬಹುದು. ಇದರಲ್ಲಿ ರಾಜಿ ಬೇಡ. ಏರ್‌ಬ್ಯಾಗ್ ಇರುವ ಸೀಟಿಗೆ ಕಂಪನಿಯವರು ಆ ಮಾಡೆಲ್‌ಗೆ ಒಪ್ಪಿದ ಕವರ್ ಮಾತ್ರ. ಮುಂದಿನ ಪ್ಯಾಸೆಂಜರ್ ಸೀಟಿನೊಳಗೆ ಭಾರ ಗುರುತಿಸುವ ಸೆನ್ಸರ್ ಇದ್ದರೆ ಅದರ ಮೇಲೂ ದಪ್ಪ ಕುಶನ್ ಹಾಕಬಾರದು.

ಹೊಲಿಯುವವರ ಹತ್ತಿರ ವಸ್ತುವಿನ ಡೇಟಾ ಶೀಟ್ ಕೇಳಿ. ಅದರಲ್ಲಿ ಮೂರು ವಿಷಯ ಹುಡುಕಿ. ಮಾರ್ಟಿಂಡೇಲ್ ಅಂತ ಒಂದು ಸಂಖ್ಯೆ ಇರುತ್ತದೆ, ಯಂತ್ರದಲ್ಲಿ ಎಷ್ಟು ಸಲ ಉಜ್ಜಿದರೆ ಬಟ್ಟೆ ಸವೆಯುತ್ತದೆ ಅನ್ನುವ ಲೆಕ್ಕ, ಜಾಸ್ತಿ ಇದ್ದಷ್ಟೂ ಒಳ್ಳೆಯದು. ಬಿಸಿಲಿಗೆ ಬಣ್ಣ ನಿಲ್ಲುವುದನ್ನು ಬ್ಲೂ ವೂಲ್ ಅಳತೆಯಲ್ಲಿ 1ರಿಂದ 8ರವರೆಗೆ ಕೊಡುತ್ತಾರೆ, ಕಾರಿಗೆ 6ಕ್ಕಿಂತ ಕಡಿಮೆ ಇದ್ದರೆ ನಾನು ತಗೊಳ್ಳುವುದಿಲ್ಲ. ಮೂರನೆಯದು ಬೆಂಕಿ. ಅಮೆರಿಕದ ಎಫ್‌ಎಂವಿಎಸ್‌ಎಸ್ 302 ನಿಯಮದ ಪ್ರಕಾರ ಕಾರಿನ ಒಳಗಿನ ವಸ್ತು ನಿಮಿಷಕ್ಕೆ 102 ಮಿಲಿಮೀಟರ್‌ಗಿಂತ ವೇಗವಾಗಿ ಉರಿಯಬಾರದು. ಈ ಪರೀಕ್ಷೆ ಪಾಸಾದದ್ದು ಅಂತ ಶೀಟಿನಲ್ಲಿ ಇರಲಿ. ಸೋಫಾಗೆ ಮಾಡಿದ ಬಟ್ಟೆ, ಫೋಮ್ ಕಾರಿಗೆ ಹಾಕಿಸಬೇಡಿ.

ಬುಕಿಂಗ್ ಮತ್ತು ಡೆಲಿವರಿ

ಬುಕಿಂಗ್ ಫಾರ್ಮ್‌ನಲ್ಲಿ ವೇರಿಯಂಟ್ ಹೆಸರಿನ ಜೊತೆ ಸೀಟಿನ ವಸ್ತು, ಒಳಗಿನ ಬಣ್ಣ ಎರಡನ್ನೂ ಬರೆಸಿ. ತಯಾರಿ ವರ್ಷದ ನಡುವೆಯೇ ವಸ್ತು ಬದಲಾಗುವುದು ಉಂಟು. ವಾರಂಟಿಯಲ್ಲಿ ಸಾಮಾನ್ಯವಾಗಿ ಸವೆತ ಬರುವುದಿಲ್ಲ, ಆದರೆ ಸಿಪ್ಪೆ ಏಳುವುದು, ಹೊಲಿಗೆ ಬಿಡುವುದು ತಯಾರಿಕೆಯ ದೋಷ ಅಂತ ಲೆಕ್ಕಕ್ಕೆ ಬರುತ್ತದೆಯಾ ಅಂತ ಮೊದಲೇ ಕೇಳಿ, ಉತ್ತರ ಮೇಲ್‌ನಲ್ಲಿ ತಗೊಳ್ಳಿ. ಡೆಲಿವರಿ ದಿನ ಹಗಲು ಬೆಳಕಿನಲ್ಲಿ ಪ್ರತಿ ಸೀಟು, ಬಾಗಿಲು, ಕನ್ಸೋಲ್ ನೋಡಿ ಫೋಟೋ ತೆಗೆದಿಡಿ.

ಮಕ್ಕಳ ಸೀಟು ಹಾಕುವವರು ಅದರ ಕೆಳಗೆ ದಪ್ಪ ಟವೆಲ್ ಇಡುವ ಮೊದಲು ಆ ಸೀಟಿನ ಕೈಪಿಡಿ ಓದಿ. ಲೆದರ್ ಮೇಲೆ ಗುಳಿ ಬೀಳುವುದು ನಿಜ, ಆದರೆ ಕೆಲವು ಸೀಟುಗಳ ಕೆಳಗೆ ಏನೂ ಇಡಬಾರದು ಅಂತ ತಯಾರಕರೇ ಹೇಳಿರುತ್ತಾರೆ.

ಕೊನೆಯದಾಗಿ, ಸೀಟಿನ ಮೇಲಿನ ಪಾಲಿಥೀನ್ ಹೊದಿಕೆ. ಹೊಸದಾಗಿ ಇರಲಿ ಅಂತ ಎಷ್ಟೋ ಜನ ತಿಂಗಳುಗಟ್ಟಲೆ ಅದನ್ನು ತೆಗೆಯುವುದೇ ಇಲ್ಲ. ಅದರ ಕೆಳಗೆ ತೇವ ಸಿಕ್ಕಿಕೊಳ್ಳುತ್ತದೆ, ಶಾಖ ಸೇರುತ್ತದೆ, ಪಿಯು ಮತ್ತು ಲೆದರ್ ಎರಡಕ್ಕೂ ಬೇಡವಾದದ್ದು ಅದೇ. ಪಕ್ಕದ ಏರ್‌ಬ್ಯಾಗ್‌ಗೂ ಅದು ಅಡ್ಡ. ಡೆಲಿವರಿ ತಗೊಂಡ ದಿನವೇ ಎಲ್ಲವನ್ನೂ ಕಿತ್ತು ಹಾಕಿ, ಹೆಡ್‌ರೆಸ್ಟ್ ಹಿಂದಿನ ತುಂಡು, ಬಾಗಿಲ ಪಟ್ಟಿಯ ಮೇಲಿನ ತೆಳು ಹಾಳೆ ಕೂಡ ಬಿಡದೆ.